ನಾಲ್ಕೂವರೆ ಅಡಿ ಮುತ್ತು

35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ. ಒಂದು ಅಡಿ ಫಿಲ್ಮಿನಲ್ಲಿ 16 ಫ್ರೇಮು. ಮೂರು ಸೆಕೆಂಡಿನ ಮುತ್ತು ಅಂದರೆ ಎಡಿಟಿಂಗ್ ಟೇಬಲ್ಲಿನ ಮೇಲೆ 72 ಫ್ರೇಮು, ಸರಿಯಾಗಿ ನಾಲ್ಕೂವರೆ ಅಡಿ. ತೆರೆಯ ಮೇಲೆ ಮುತ್ತು ಮೂರು ಸೆಕೆಂಡು ಮೀರಬಾರದು ಅನ್ನುವ ನಿಯಮವಿತ್ತು, ಹಳೇ ಹಾಲಿವುಡ್ಡಿನ ಪ್ರೇಮವೆಲ್ಲ ಮೂವತ್ತು ವರ್ಷಕ್ಕೂ ಮಿಕ್ಕಿ ಈ ನಾಲ್ಕೂವರೆ ಅಡಿಯೊಳಗೇ ಬಾಳಬೇಕಿತ್ತು ಅಂತ ಸಿನಿಮಾ ಮಂದಿ ಹೇಳುತ್ತಾರೆ. ಆ ಮಾತು ಅರ್ಧ ನಿಜ.

ತೆರೆಯ ಮೇಲೆ ಏನು ತೋರಿಸಬಾರದು ಅಂತ ಸ್ಟುಡಿಯೋಗಳು 1930ರಲ್ಲಿ ತಾವೇ ಒಪ್ಪಿಕೊಂಡ ನಿಯಮಾವಳಿ ಪ್ರೊಡಕ್ಷನ್ ಕೋಡ್ (ಹೇಸ್ ಕೋಡ್ ಅಂತಲೇ ಅದರ ಹೆಸರು ಉಳಿದಿದೆ) ಬಿಗಿಯಾದದ್ದು 1934ರ ಜುಲೈನಿಂದ. ಅದನ್ನು ಜಾರಿ ಮಾಡುತ್ತಿದ್ದ ಜೋಸೆಫ್ ಬ್ರೀನ್ ಕಚೇರಿಯ ಮುದ್ರೆ ಇಲ್ಲದೆ ಚಿತ್ರ ಬಿಡುಗಡೆ ಮಾಡಿದರೆ 25,000 ಡಾಲರ್ ದಂಡ. ಅತಿಯಾದ, ಕಾಮ ಕೆರಳಿಸುವ ಮುತ್ತು ಮತ್ತು ಅಪ್ಪುಗೆಯನ್ನು ತೋರಿಸಬಾರದು ಅಂತ ಅದರಲ್ಲಿ ಬರೆದಿದೆ. ಆದರೆ ಸೆಕೆಂಡಿನ ಲೆಕ್ಕ ಎಲ್ಲೂ ಇಲ್ಲ. ಮಂಚದ ದೃಶ್ಯದಲ್ಲಿ ಒಂದು ಕಾಲು ನೆಲದ ಮೇಲೇ ಇರಬೇಕು ಅನ್ನುವುದೂ ಬರಹದಲ್ಲಿಲ್ಲ. ‘ಅತಿ’ ಎಲ್ಲಿಂದ ಶುರು ಅಂತ ಗೊತ್ತಾಗದೆ ಇದ್ದಾಗ, ಕತ್ತರಿಗೆ ಸಿಗಬಾರದು ಅಂತ ಕೆಲಸದವರ ನಡುವೆ ರೂಢಿಗೆ ಬಂದ ಅಳತೆ ಆ ಮೂರು ಸೆಕೆಂಡು. 1968ರಲ್ಲಿ ಕೋಡ್ ಹೋಗಿ ವಯಸ್ಸಿನ ರೇಟಿಂಗ್ ಬಂತು.

ಈ ಅಳತೆ ಒಳ್ಳೆಯ ನಿರ್ದೇಶಕರಿಗೆ ಒಂದು ಕೆಲಸ ಕಲಿಸಿತು. ತುಟಿ ಸೇರುವ ಹೊತ್ತು ಮೂರೇ ಸೆಕೆಂಡು ಅಂತಾದ ಮೇಲೆ, ಅವರು ತಮ್ಮ ಜಾಣತನವನ್ನೆಲ್ಲ ಅದರ ಮುಂಚಿನ ಮೂರು ನಿಮಿಷಕ್ಕೆ ಮತ್ತು ಆಮೇಲಿನ ಒಂದು ನಿಮಿಷಕ್ಕೆ ಸುರಿದರು. ನಾವು ‘ಕೆಮಿಸ್ಟ್ರಿ’ ಅಂತ ಕರೆಯುವುದು ಇರುವುದು ಅಲ್ಲಿ. ದಾವಣಗೆರೆ, ಚಿತ್ರದುರ್ಗದಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಮಾಡುವ ಹುಡುಗರಿಗೆ, ಕಿರುಚಿತ್ರ ತೆಗೆಯುವವರಿಗೆ ಇದು ಬಹಳ ಉಪಯೋಗಕ್ಕೆ ಬರುವ ವಿಷಯ. ನಮ್ಮ ಕಡೆ ಕ್ಯಾಮೆರಾ ಮುಂದೆ ಮುತ್ತು ಇಡುವ ಜೋಡಿ ಕಡಿಮೆ, ಹಣೆಗೆ ಹಣೆ ತಾಗಿಸಿ ನಿಲ್ಲುವ ಜೋಡಿಯೇ ಹೆಚ್ಚು. ಹಾಗಾಗಿ ಮುತ್ತಿನ ಆಚೆ ಈಚೆ ಏನು ಮಾಡಬೇಕು ಅನ್ನುವುದು ನಮಗೇ ಹೆಚ್ಚು ಬೇಕು.

ಮೊದಲು ‘ನೊಟೋರಿಯಸ್’. 1946ರ ಚಿತ್ರ, ಹಿಚ್‌ಕಾಕ್ ನಿರ್ದೇಶನ, ಕ್ಯಾರಿ ಗ್ರಾಂಟ್ ಮತ್ತು ಇಂಗ್ರಿಡ್ ಬರ್ಗ್‌ಮನ್. ರಿಯೋ ನಗರದ ಒಂದು ಫ್ಲಾಟಿನ ಬಾಲ್ಕನಿಯಲ್ಲಿ ಶುರುವಾಗುವ ಮುತ್ತು ಸುಮಾರು ಎರಡೂವರೆ ನಿಮಿಷ ನಡೆಯುತ್ತದೆ. ಫಿಲ್ಮಿನ ಲೆಕ್ಕದಲ್ಲಿ 225 ಅಡಿ. ಬ್ರೀನ್ ಕಚೇರಿಗೆ ಅದನ್ನು ಹಿಡಿಯಲು ಆಗಲಿಲ್ಲ, ಯಾಕಂದರೆ ಯಾವ ಒಂದು ಮುತ್ತೂ ಉದ್ದವಿಲ್ಲ. ತುಟಿ ತಾಗುತ್ತದೆ, ಬಿಡುತ್ತದೆ, ಒಂದು ಮಾತು ಬರುತ್ತದೆ, ಮತ್ತೆ ತಾಗುತ್ತದೆ. ಮಾತಾದರೂ ಏನು? ರಾತ್ರಿ ಊಟಕ್ಕೆ ಮನೆಯಲ್ಲೇ ಕೋಳಿ ಬೇಯಿಸೋಣ ಅನ್ನುವ ಮಾತು. ಅವನು ಹೋಟೆಲಿಗೆ ಫೋನ್ ಮಾಡಿ ತನಗೇನಾದರೂ ಸುದ್ದಿ ಬಂದಿದೆಯಾ ಅಂತ ಕೇಳುತ್ತಾನೆ. ಬಾಲ್ಕನಿಯಿಂದ ಫೋನಿನ ತನಕ, ಫೋನಿನಿಂದ ಬಾಗಿಲ ತನಕ ಇಬ್ಬರೂ ನಡೆಯುತ್ತಾರೆ, ಆದರೆ ಒಂದು ಗೇಣಿಗಿಂತ ದೂರ ಸರಿಯುವುದಿಲ್ಲ. ಕ್ಯಾಮೆರಾ ಮೂರನೆಯವರಂತೆ ಅವರಿಗೆ ಅಂಟಿಕೊಂಡೇ ಸಾಗುತ್ತದೆ. ಅವನು ಹೊರಡುವಾಗ ಅವಳು, ‘ಬರುವಾಗ ಒಂದು ಒಳ್ಳೆಯ ವೈನ್ ಬಾಟಲಿ ತಾ’ ಅನ್ನುತ್ತಾಳೆ. ಈ ಬಾಟಲಿಯನ್ನು ನೆನಪಿಡಿ.

ಈ ದೃಶ್ಯದ ಮೂಲ ಹಿಚ್‌ಕಾಕ್ ಫ್ರಾನ್ಸಿನಲ್ಲಿ ರೈಲಿನ ಕಿಟಕಿಯಿಂದ ನೋಡಿದ ಒಂದು ನೋಟ. ಕಾರ್ಖಾನೆಯ ಗೋಡೆಯ ಪಕ್ಕ ಒಬ್ಬ ಹುಡುಗ ಮೂತ್ರಕ್ಕೆ ನಿಂತಿದ್ದ, ಹುಡುಗಿ ಅವನ ತೋಳು ಹಿಡಿದಿದ್ದಳು. ಅವಳು ಆ ಕಡೆ ಈ ಕಡೆ ನೋಡಿದಳು, ರೈಲನ್ನೂ ನೋಡಿದಳು, ತೋಳನ್ನು ಮಾತ್ರ ಬಿಡಲಿಲ್ಲ. ಅಷ್ಟೇ. ಆ ಬಿಡದ ಕೈಯನ್ನೇ ಅವರು ಎರಡೂವರೆ ನಿಮಿಷಕ್ಕೆ ಎಳೆದರು. ಈ ಟೇಕು ಕೊಡುವಾಗ ನಟರಿಬ್ಬರಿಗೂ ಇರುಸುಮುರುಸಾಗಿತ್ತು, ಹಾಗೆ ಅಂಟಿಕೊಂಡು ನಡೆಯುವುದು ಅವರಿಗೆ ಒಗ್ಗಲಿಲ್ಲ ಅಂತಲೂ ಹಿಚ್‌ಕಾಕರೇ ಹೇಳಿದ್ದಾರೆ. ಹೊಸಬರು ಇದನ್ನು ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಸೆಟ್ಟಿನಲ್ಲಿ ಹಾಯೆನಿಸಿದ ಭಂಗಿ ತೆರೆಯ ಮೇಲೆ ಸಪ್ಪೆಯಾಗುತ್ತದೆ, ಮೈ ಹಿಂಡಿದಂತಾಗುವ ಭಂಗಿ ತೆರೆಯ ಮೇಲೆ ಆಪ್ತವಾಗಿ ಕಾಣುತ್ತದೆ. ಮಾಮೂಲಿ ಬದುಕಿನಲ್ಲಿ ಇಬ್ಬರು ಮಾತಾಡುವಾಗ ಇರುವ ಎರಡು ಅಡಿ ಅಂತರ ಫ್ರೇಮಿನೊಳಗೆ ಜಗಳವಾಡಿದವರ ಅಂತರದಂತೆ ಕಾಣುತ್ತದೆ.

ತಡೆ ಅನ್ನುವುದು ಕೆಮಿಸ್ಟ್ರಿಯ ಇನ್ನೊಂದು ಅರ್ಧ. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ಒಂದು ಸಲವೂ ಮುತ್ತಿಡುವುದಿಲ್ಲ. ಒಂದೇ ರೂಮು, ಎರಡು ಮಂಚ, ನಡುವೆ ಹಗ್ಗಕ್ಕೆ ಹಾಕಿದ ಒಂದು ಕಂಬಳಿ. ಹುಲ್ಲಿನ ಬಣವೆಯ ದೃಶ್ಯದಲ್ಲಿ ಮುಖಕ್ಕೆ ಮುಖ ತೀರಾ ಹತ್ತಿರ ಬಂದು, ಅವನು ಸರಿದುಬಿಡುತ್ತಾನೆ. ನೋಡುವವರ ಉಸಿರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಚಿತ್ರಕ್ಕೆ ಐದು ಮುಖ್ಯ ಆಸ್ಕರ್ ಬಂದವು. ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ಚಿತ್ರದಲ್ಲಿ ಜೇಮ್ಸ್ ಸ್ಟುವರ್ಟ್ ಮತ್ತು ಡೊನ್ನಾ ರೀಡ್ ಒಂದೇ ಫೋನಿನ ರಿಸೀವರ್‌ಗೆ ಇಬ್ಬರೂ ಕಿವಿಗೊಟ್ಟು ನಿಲ್ಲುತ್ತಾರೆ. ಆ ಕಡೆಯಿಂದ ಇನ್ನೊಬ್ಬ ಗಂಡಸು ವ್ಯಾಪಾರದ ಮಾತಾಡುತ್ತಿದ್ದಾನೆ, ಈ ಕಡೆ ಅವನ ಮೂಗಿನ ಕೆಳಗೆ ಅವಳ ಕೂದಲು. ಇಬ್ಬರಿಗೂ ಫೋನಿನ ಮಾತು ಕೇಳಿಸುತ್ತಿಲ್ಲ ಅಂತ ನಮಗೆ ಗೊತ್ತು. ಹಳೇ ಹಾಲಿವುಡ್ಡಿನ ಪ್ರೇಮ ದೃಶ್ಯಗಳಲ್ಲಿ ಯಾವುದನ್ನು ಮೊದಲು ನೋಡಲಿ ಅಂತ ಕೇಳಿದರೆ ಉತ್ತರ ಇದೇ. ಇಲ್ಲಿ ಫೋನು ತಡೆಯೂ ಹೌದು, ಹತ್ತಿರ ಬರಲು ನೆಪವೂ ಹೌದು. ನೆಪ ಕೊಡದೆ ಬರೀ ‘ಹತ್ತಿರ ಬನ್ನಿ’ ಅಂದರೆ ಯಾವ ಜೋಡಿಯೂ ಸಹಜವಾಗಿ ಬರುವುದಿಲ್ಲ.

ಕಂಪನಿ ನಾಟಕ ಬೆಳೆದ ಊರಿನವರಿಗೆ ಈ ಮಾತು ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರು ದಾವಣಗೆರೆ. ಕಂಪನಿ ರಂಗದ ಮೇಲೆ ನಾಯಕ ನಾಯಕಿ ಮೈ ತಾಗಿಸದೆ, ಮುಖ ಮುಕ್ಕಾಲು ಭಾಗ ಪ್ರೇಕ್ಷಕರ ಕಡೆಗಿಟ್ಟು, ಕಣ್ಣಂಚಿನಲ್ಲೇ ಒಲವು ದಾಟಿಸುತ್ತಿದ್ದರು. ಹಾಲಿವುಡ್ಡಿನ ಕ್ಯಾಮೆರಾಮನ್ನರು ಮಾಡಿಸಿದ್ದೂ ಅದೇ ಮುಕ್ಕಾಲು ತಿರುವು. ಇಬ್ಬರೂ ಪೂರ್ತಿ ಎದುರುಬದುರಾಗಿ ನಿಂತರೆ ಕ್ಯಾಮೆರಾಕ್ಕೆ ಸಿಗುವುದು ಎರಡು ಕಿವಿ, ಎರಡು ಮೂಗು. ತಲಾ ಒಂದಿಷ್ಟು ಕ್ಯಾಮೆರಾ ಕಡೆ ತೆರೆದು ನಿಂತರೆ ಕಣ್ಣು ಸಿಗುತ್ತದೆ. ಕಣ್ಣಿಲ್ಲದ ಪ್ರೇಮ ದೃಶ್ಯ ಬರೀ ಕಸರತ್ತು.

ಮೂಗಿನ ಸಮಸ್ಯೆ ಸಣ್ಣದಲ್ಲ. ಮುತ್ತಿಡುವಾಗ ಮೂಗು ಎಲ್ಲಿಡುವುದು ಅಂತ ಬರ್ಗ್‌ಮನ್ ಪಾತ್ರ ‘ಫಾರ್ ಹೂಮ್ ದಿ ಬೆಲ್ ಟೋಲ್ಸ್’ (1943) ಚಿತ್ರದಲ್ಲಿ ನೇರವಾಗಿ ಕೇಳಿಯೇ ಬಿಡುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿರುವವರು ತಲೆಯನ್ನು ಕ್ಯಾಮೆರಾದಿಂದ ಆಚೆ ವಾಲಿಸಬೇಕು, ಆಗ ಹಿಂದಿನವರ ಮುಖ ಮುಚ್ಚುವುದಿಲ್ಲ. ಕೆನ್ನೆ ಹಿಡಿಯುವುದಾದರೆ ಕ್ಯಾಮೆರಾಕ್ಕೆ ದೂರದ ಕೈಯಿಂದ ಹಿಡಿಯಬೇಕು. ಹತ್ತಿರದ ಕೈ ಎತ್ತಿದರೆ ಮೊಣಕೈ ಫ್ರೇಮಿನ ಅರ್ಧ ತಿಂದುಹಾಕುತ್ತದೆ. ಪ್ರೀ-ವೆಡ್ಡಿಂಗ್ ವಿಡಿಯೋಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ ಮೊಣಕೈ.

ಎತ್ತರದ ವ್ಯತ್ಯಾಸವನ್ನು ಹಾಲಿವುಡ್ಡಿನವರು ಮುಚ್ಚುಮರೆಯಿಲ್ಲದೆ ಸರಿಮಾಡುತ್ತಿದ್ದರು. ‘ಕಾಸಾಬ್ಲಾಂಕಾ’ದಲ್ಲಿ (1942) ನಾಯಕ ಹಂಫ್ರಿ ಬೋಗಾರ್ಟ್ ಎತ್ತರದ ಅಟ್ಟೆಯ ಬೂಟು ಹಾಕಿದ್ದರು, ಯಾಕಂದರೆ ಬರ್ಗ್‌ಮನ್ ಅವರಿಗಿಂತ ಎತ್ತರ. ‘ಬಾಯ್ ಆನ್ ಎ ಡಾಲ್ಫಿನ್’ (1957) ಚಿತ್ರದಲ್ಲಿ ಆಲನ್ ಲ್ಯಾಡ್ ಪಕ್ಕ ನಡೆಯಲು ಸೋಫಿಯಾ ಲಾರೆನ್‌ಗೆ ಮರಳಿನಲ್ಲಿ ತೋಡು ತೋಡಿಸಿದರು. ಇವತ್ತಿಗೂ ಸೆಟ್ಟಿನಲ್ಲಿರುವ ಆಪಲ್ ಬಾಕ್ಸಿನ (ಮೇಲೆ ನಿಲ್ಲಲು ಇಡುವ ಮರದ ಪೆಟ್ಟಿಗೆ) ಕೆಲಸ ಅದೇ. ಪೂರ್ತಿ ಪೆಟ್ಟಿಗೆ 8 ಇಂಚು, ಅರ್ಧ 4, ಕಾಲು 2, ತೆಳುವಿನದು 1 ಇಂಚು. ಮುಖಗಳ ನಡುವೆ ಮೂರ್ನಾಲ್ಕು ಇಂಚು ವ್ಯತ್ಯಾಸ ಉಳಿದರೆ ಸಾಕು, ಪೂರ್ತಿ ಸಮ ಮಾಡಬೇಡಿ. ಹುಡುಗಿ ಗದ್ದ ಎತ್ತಬೇಕಾದಷ್ಟು ಅಂತರ ಇದ್ದರೆ ಕತ್ತಿನ ಗೆರೆ ಚೆಂದ ಬರುತ್ತದೆ. ಎತ್ತರದವರು ಸೊಂಟ ಬಗ್ಗಿಸಿ ಬಂದರೆ ಬೆನ್ನು ಗೂನಾಗಿ ಕಾಣುತ್ತದೆ, ಅದಕ್ಕಿಂತ ಕಾಲು ಅಗಲಿಸಿ ನಿಲ್ಲುವುದು ಮೇಲು.

ಇನ್ನು ನಡುಕ. 1944ರ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಲಾರೆನ್ ಬಕಾಲ್‌ಗೆ ಮೊದಲ ಚಿತ್ರ. ವಯಸ್ಸು 19, ಎದುರಿಗೆ 44ರ ಬೋಗಾರ್ಟ್. ಹೆದರಿಕೆಗೆ ತಲೆ ನಡುಗುತ್ತಿತ್ತು. ಗದ್ದವನ್ನು ಎದೆಗೆ ತಾಗುವಷ್ಟು ಕೆಳಗಿಳಿಸಿ, ಕಣ್ಣು ಮಾತ್ರ ಮೇಲೆತ್ತಿ ನೋಡಿದರೆ ನಡುಕ ನಿಲ್ಲುತ್ತದೆ ಅಂತ ಅವರೇ ಕಂಡುಕೊಂಡರು. ಜಗತ್ತು ‘ದಿ ಲುಕ್’ ಅಂತ ಕರೆದು ಮೆಚ್ಚಿದ ನೋಟ ಅದು. ಅಂಜಿಕೆಯನ್ನು ಅಡಗಿಸುವ ಉಪಾಯ ಧೈರ್ಯದ ನೋಟವಾಗಿ ತೆರೆಯ ಮೇಲೆ ಬಂತು. ಮರುವರ್ಷ ಅವರಿಬ್ಬರೂ ಮದುವೆಯಾದರು. ನಿಶ್ಚಿತಾರ್ಥವಾಗಿ ತಿಂಗಳೂ ಆಗದ ಹುಡುಗ ಹುಡುಗಿಗೆ ಕ್ಯಾಮೆರಾ ಮುಂದೆ ಇರುವುದು ಇದೇ ನಡುಕ. ‘ಅಕ್ಕಾ, ಗದ್ದ ಒಂಚೂರು ಕೆಳಗ್ ಮಾಡ್ರಿ, ಕಣ್ಣಷ್ಟೇ ಅಣ್ಣನ ಕಡೆ ಎತ್ರಿ’ ಅಂದರೆ ಕೆಲಸ ಆಗುತ್ತದೆ. ‘ನಾಚ್ಕೋಬೇಡ್ರಿ’ ಅಂದರೆ ನಾಚಿಕೆ ಎರಡರಷ್ಟಾಗುತ್ತದೆ. ಭಾವನೆಯನ್ನು ಕೇಳಬೇಡಿ, ಮೈಯ ಒಂದು ಸಣ್ಣ ಕೆಲಸವನ್ನು ಕೇಳಿ.

ಬೆಳಕಿನ ವಿಷಯಕ್ಕೆ ‘ಫ್ಲೆಶ್ ಅಂಡ್ ದಿ ಡೆವಿಲ್’ (1926) ನೋಡಬೇಕು. ರಾತ್ರಿಯ ತೋಟ, ಗ್ರೇಟಾ ಗಾರ್ಬೊ ಮತ್ತು ಜಾನ್ ಗಿಲ್ಬರ್ಟ್, ಸಿಗರೇಟು ಹಚ್ಚಲು ಅವನು ಕಡ್ಡಿ ಗೀರುತ್ತಾನೆ, ಎರಡು ಮುಖಗಳೂ ಬೆಳಗುತ್ತವೆ. ಬೆಂಕಿಕಡ್ಡಿಯ ಬೆಳಕು ಆ ಕಾಲದ ಫಿಲ್ಮಿಗೆ ಸಾಲುತ್ತಿರಲಿಲ್ಲ. ಕ್ಯಾಮೆರಾಮನ್ ವಿಲಿಯಂ ಡೇನಿಯಲ್ಸ್ ಗಿಲ್ಬರ್ಟ್‌ನ ಅಂಗೈ ಮರೆಯಲ್ಲಿ ಪುಟ್ಟದೊಂದು ದೀಪ ಹುದುಗಿಸಿದರು. ಬೆಳಕು ಕೆಳಗಿನಿಂದ, ಇಬ್ಬರ ನಡುವಿನಿಂದ ಬರುವುದರಿಂದ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುವುದೇ ಇಲ್ಲ. ಮುಖಕ್ಕೆ ಮುಖ ಹತ್ತಿರವಾದಾಗ ಹುಟ್ಟುವ ದೊಡ್ಡ ಕಷ್ಟವೇ ಆ ನೆರಳು. ಒಂದೇ ಕಡೆಯಿಂದ ಬೆಳಕು ಹಾಕಿದರೆ ಗಂಡಸಿನ ತಲೆ ಹೆಂಗಸಿನ ಮುಖವನ್ನು ನುಂಗುತ್ತದೆ. ಅದಕ್ಕೇ ಸ್ಟುಡಿಯೋದವರು ಇಬ್ಬರ ಹಿಂದಿನಿಂದಲೂ ಓರೆಯಾಗಿ ಒಂದೊಂದು ದೀಪ ಹಾಕುತ್ತಿದ್ದರು. ಇವನ ಬೆನ್ನ ಹಿಂದಿನ ದೀಪ ಅವಳ ಮುಖ ಬೆಳಗುತ್ತದೆ, ಅವಳ ಹಿಂದಿನದು ಇವನ ಮುಖವನ್ನು. ಜೊತೆಗೆ ಕೂದಲಂಚಿಗೆ ಬೆಳ್ಳಿಗೆರೆ ಬಂದು ಎರಡು ತಲೆ ಬೇರೆಬೇರೆಯಾಗಿ ಕಾಣುತ್ತವೆ.

ತುಟಿಯ ಬಣ್ಣವೂ ಇದರ ಒಂದು ಭಾಗ. ಮೂಕಿ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪು ತುಟಿ ಕಪ್ಪಾಗಿ ಬರುತ್ತಿತ್ತು. 1920ರ ದಶಕದ ಕೊನೆಗೆ ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಬಂದ ಮೇಲೆ ಮೇಕಪ್ಪೆಲ್ಲ ಹೊಸದಾಗಿ ಆಗಬೇಕಾಯಿತು. ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ 1930ರ ದಶಕದ ಕೊನೆಗೆ ಲಿಪ್‌ಸ್ಟಿಕ್ ಅಂಟುತ್ತದೋ ಇಲ್ಲವೋ ನೋಡಲು ರಬ್ಬರ್ ತುಟಿಗಳ ಒಂದು ಮುತ್ತಿನ ಯಂತ್ರವನ್ನೇ ಮಾಡಿತ್ತು. ಅದಕ್ಕೆ ಕಾರಣ ಸರಳ. ಮುತ್ತಿನ ಟೇಕು ಕೆಟ್ಟರೆ ಬರೀ ಮತ್ತೊಂದು ಟೇಕು ಅಲ್ಲ, ಎರಡೂ ಮುಖದ ಮೇಕಪ್ ಮತ್ತೆ ಆಗಬೇಕು. ಇಂದಿನ ಶೂಟಿಗೆ ಮ್ಯಾಟ್ ಲಿಪ್‌ಸ್ಟಿಕ್, ಟಿಶ್ಯೂ ಪೇಪರಿನಲ್ಲಿ ಒಮ್ಮೆ ಒತ್ತಿ ತೆಗೆದು ಮತ್ತೆ ಹಚ್ಚಿದ್ದು, ಹಣೆಗೆ ಹಣೆ ತಾಗಿಸುವ ದೃಶ್ಯವಾದರೆ ಸ್ಟಿಕ್ಕರ್ ಬೊಟ್ಟು. ಕುಂಕುಮ ಇಟ್ಟರೆ ಎರಡನೇ ಟೇಕಿಗೆ ಹುಡುಗನ ಹಣೆಯಲ್ಲೂ ಇರುತ್ತದೆ.

ಮಾತಿನ ಚಿತ್ರ ಬಂದ ಮೇಲೆ ಇನ್ನೊಂದು ಪೇಚು. ಮೈಕು ತುಟಿಯ ಸದ್ದನ್ನು ಹಿಡಿಯುತ್ತದೆ, ಆ ಸದ್ದು ಥಿಯೇಟರಿನಲ್ಲಿ ನಗು ತರಿಸುತ್ತದೆ. ಆಮೇಲೆ ಸದ್ದನ್ನು ಬೇರೆ ಮಾಡಿ ಸೇರಿಸುವುದು ರೂಢಿಗೆ ಬಂತು, ಹೀಗೆ ಸದ್ದು ಮಾಡಿಕೊಡುವ ಫೋಲಿ ಕಲಾವಿದರು ತಮ್ಮ ಕೈಯ ಹಿಂಬದಿಗೇ ಮುತ್ತಿಟ್ಟು ಸದ್ದು ಮಾಡುತ್ತಾರೆ. ಸಂಗೀತ ಮುತ್ತಿಗಿಂತ ಮುಂಚೆ ಏರಿದರೆ ಕೆಟ್ಟಂತೆಯೇ, ತಾಗಿದ ಮೇಲೆ ಏರಬೇಕು.

ಫ್ರೇಮಿನ ಆಕಾರದ ಮಾತು ಯಾಕೋ ಯಾರೂ ಆಡುವುದಿಲ್ಲ. ಹಳೇ ಚಿತ್ರಗಳ ಫ್ರೇಮು 1.37ಕ್ಕೆ 1, ಹೆಚ್ಚುಕಡಿಮೆ ಚೌಕ. ಎರಡು ಮುಖ ಅದರಲ್ಲಿ ತುಂಬಿ ನಿಲ್ಲುತ್ತವೆ, ಪಕ್ಕದಲ್ಲಿ ಖಾಲಿ ಜಾಗವೇ ಇಲ್ಲ. ‘ಎ ಪ್ಲೇಸ್ ಇನ್ ದಿ ಸನ್’ (1951) ಚಿತ್ರದಲ್ಲಿ ಜಾರ್ಜ್ ಸ್ಟೀವನ್ಸ್ ಎಲಿಜಬೆತ್ ಟೇಲರ್, ಮಾಂಟ್ಗೊಮರಿ ಕ್ಲಿಫ್ಟ್ ಮುಖಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂದರೆ, ಒಬ್ಬರ ಭುಜ ಇನ್ನೊಬ್ಬರ ಮುಖಕ್ಕೆ ಗೋಡೆಯಂತೆ ನಿಂತಿರುತ್ತದೆ. 1953ರಲ್ಲಿ ಸಿನಿಮಾಸ್ಕೋಪ್ ಬಂದು ಫ್ರೇಮು ಅಗಲವಾದಾಗ ಮುತ್ತಿನ ಎರಡೂ ಪಕ್ಕ ಬಯಲು ಉಳಿಯಿತು, ಪ್ರೇಮಿಗಳನ್ನು ಮಲಗಿಸಿಯೋ ಒರಗಿಸಿಯೋ ಆ ಅಗಲ ತುಂಬಬೇಕಾಯಿತು. ಮೊಬೈಲಿನ ರೀಲ್ಸ್‌ಗೆ ಉದ್ದುದ್ದ ಫ್ರೇಮು ತೆಗೆಯುವವರಿಗೆ ಹಳೆಯ ಚೌಕ ಫ್ರೇಮಿನ ಪಾಠವೇ ಹತ್ತಿರ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸದೆ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ನೋಡಿ.

ಈಗ ಚಿತ್ರದುರ್ಗದ ಕೋಟೆಗೆ ಬರೋಣ. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಕ್ಯಾಮೆರಾ ತಂಡ ಕಟ್ಟಿಕೊಂಡು ಹೋಗುವ ಮುಂಚೆ ಅನುಮತಿ ಕೇಳಿಕೊಳ್ಳಿ. ಅಲ್ಲಿನ ದೊಡ್ಡ ಸವಾಲು ಗಾಳಿ. ಆಷಾಢದಲ್ಲಿ ಮದುವೆ ಇಲ್ಲ, ಆದರೆ ಶ್ರಾವಣದ ಮದುವೆಗಳ ಶೂಟ್ ಆಗ ನಡೆಯುತ್ತಿರುತ್ತದೆ, ಆ ತಿಂಗಳು ಪಡುವಣ ಗಾಳಿ ಬಂಡೆಗಳ ನಡುವೆ ನುಗ್ಗಿ ಬರುತ್ತದೆ. ಹುಡುಗಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಿಟ್ಟ ಕೂದಲೆಲ್ಲ ಮುಖದ ಮೇಲೆ. ಹಾಗಾಗಿ ಅವಳ ಮುಖ ಪಶ್ಚಿಮಕ್ಕಿರಲಿ, ಗಾಳಿ ಕೂದಲನ್ನು ಹಿಂದಕ್ಕೊಯ್ಯಲಿ. ಆದರೆ ಸಂಜೆಯ ಹೊತ್ತಿಗೆ ಇದರಲ್ಲೊಂದು ತೊಡಕು. ಅವಳ ಎದುರಿಗಿರುವ ಹುಡುಗನ ಬೆನ್ನ ಹಿಂದೆ ಸೂರ್ಯ, ಅವನ ತಲೆಯ ನೆರಳು ನೇರ ಅವಳ ಮುಖಕ್ಕೆ. ಗಾರ್ಬೊಳ ತೋಟದ ಸಮಸ್ಯೆ ಇಲ್ಲಿ ಬಂಡೆಯ ಮೇಲೆ ಬಂದು ನಿಲ್ಲುತ್ತದೆ. ಇಬ್ಬರನ್ನೂ ನಿಂತಲ್ಲೇ 30 ಡಿಗ್ರಿಯಷ್ಟು, ಅಂದರೆ ಗಡಿಯಾರದ ಒಂದು ಗಂಟೆಯಷ್ಟು ತಿರುಗಿಸಿ, ಬಿಸಿಲು ಅವನ ಭುಜ ದಾಟಿ ಅವಳ ಕೆನ್ನೆ ಮುಟ್ಟುತ್ತದೆ. ಅವನ ಮುಖಕ್ಕೆ ಬೆಳಕು ಚಿಮ್ಮುವಂತೆ ಎದೆಯೆತ್ತರದಲ್ಲಿ ಒಂದು ಬಿಳಿ ಥರ್ಮಾಕೋಲ್ ಹಿಡಿಸಿ. ಗಾಳಿಗೆ ಅದು ಮುರಿಯುತ್ತದೆ, ಹಿಂದೆ ಒಂದು ಪ್ಲೈವುಡ್ ತುಂಡು ಕಟ್ಟಿರಲಿ. ಗಾಳಿ ವಿಪರೀತವಾದರೆ ಮೇಲೆ ಹತ್ತುವ ಬದಲು ಚಂದ್ರವಳ್ಳಿಯ ಬಂಡೆಗಳ ಮರೆಗೆ ಹೋಗುವುದು ಜಾಣತನ.

ಫೋಕಸ್ಸಿನಲ್ಲಿ ತಪ್ಪುವವರು ಬಹಳ. 85 ಎಂಎಂ ಲೆನ್ಸು, ಎಫ್ 1.8 (ಲೆನ್ಸಿನ ಕಂಡಿ ಅಗಲವಾಗಿ ತೆರೆದದ್ದು), ಫುಲ್‌ಫ್ರೇಮ್ ಕ್ಯಾಮೆರಾ, ಎರಡು ಮೀಟರ್ ದೂರ ಅಂದರೆ ಚೂಪಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್. ಒಬ್ಬರ ಕಣ್ಣು ಚೂಪಾದರೆ ಇನ್ನೊಬ್ಬರದು ಮಸುಕು. ಎಫ್ 4ಕ್ಕೆ ತಂದರೆ ಸುಮಾರು 13 ಸೆಂಟಿಮೀಟರ್ ಸಿಗುತ್ತದೆ, ಎರಡು ಮುಖಕ್ಕೆ ಸಾಕು. ಹಿನ್ನೆಲೆ ಕರಗಬೇಕು ಅಂತಿದ್ದರೆ ಜೋಡಿಯನ್ನು ಗೋಡೆಯಿಂದ ಹತ್ತು ಹದಿನೈದು ಹೆಜ್ಜೆ ಮುಂದೆ ತನ್ನಿ.

ಜೋಡಿಯ ಜೊತೆ ಮನೆಯವರು ಬಂದಿರುತ್ತಾರೆ, ಅತ್ತಿಗೆಯೋ ತಮ್ಮನೋ. ಅವರನ್ನು ಕಣ್ಣಳತೆಯಿಂದ ಆಚೆ ಕೂರಿಸಿ, ಆದರೆ ಕಳಿಸಬೇಡಿ. ಏನು ಮಾಡಿಸುತ್ತೀರಿ, ಎಲ್ಲಿ ಮುಟ್ಟಬೇಕು ಅನ್ನುವುದನ್ನು ಕ್ಯಾಮೆರಾ ತೆಗೆಯುವ ಮುಂಚೆಯೇ ಹುಡುಗಿಗೆ ಹೇಳಿ, ಒಪ್ಪಿದರೆ ಮಾತ್ರ ಮಾಡಿಸಿ. ಸ್ಟುಡಿಯೋ ಕರಾರಿನ ಕಾಲದ ನಟಿಯರಿಗೆ ಬೇಡ ಅನ್ನುವ ಅವಕಾಶ ಕಡಿಮೆಯಿತ್ತು. ಅಷ್ಟು ಚೆಂದದ ದೃಶ್ಯಗಳ ಹಿಂದಿನ ಆ ನೋವನ್ನು ಮರೆಯಬಾರದು, ಇಲ್ಲಿ ಅದು ನಡೆಯಲೂಬಾರದು. ಒಪ್ಪಿದ ಮೇಲೆ ಒಂದು ನೆಪ ಕೊಡಿ. ಒಂದೇ ಇಯರ್‌ಫೋನಿನಲ್ಲಿ ಇಬ್ಬರೂ ಹಾಡು ಕೇಳಲಿ, ಬಳೆಯ ಕೊಂಡಿ ಹಾಕಿಕೊಡಲಿ, ಕಣ್ಣಿಗೆ ಬಿದ್ದ ಧೂಳು ತೆಗೆಯಲಿ. ಕೈ ಒಮ್ಮೆ ತಾಗಿದ ಮೇಲೆ ಮುಂದಿನ ಎರಡು ನಿಮಿಷ ಬಿಡದೆ ನಡೆಯಲು ಹೇಳಿ. ಎಲ್ಲವನ್ನೂ ಸ್ಲೋ ಮೋಷನ್ನಿನಲ್ಲಿ ತೆಗೆಯುವ ಚಟ ಬೇಡ. ‘ರಿಯರ್ ವಿಂಡೋ’ದಲ್ಲಿ (1954) ಗ್ರೇಸ್ ಕೆಲ್ಲಿಯ ಮುಖ ಬಾಗಿ ಬರುವ ಆ ಒಂದು ಮುತ್ತು ಮಾತ್ರ ಕನಸಿನಂತೆ ತಡೆತಡೆದು ಚಲಿಸುತ್ತದೆ, ಸುತ್ತಲಿನದೆಲ್ಲ ಮಾಮೂಲಿ ವೇಗ. ಅದಕ್ಕೇ ಅದು ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ಕೊನೆಯದು ದೃಶ್ಯವನ್ನು ಕಟ್ ಮಾಡುವ ಜಾಗ. ಕಥೆ ಮುಗಿಸುವ ಮುತ್ತಾದರೆ ತುಟಿ ಬೇರೆಯಾಗುವ ಮುಂಚೆಯೇ ಫೇಡ್ ಔಟ್ ಮಾಡಿಬಿಡಿ, ಹಳೆಯವರು ಹಾಗೇ ಮಾಡಿದರು. ಕಥೆಯ ನಡುವಿನ ಮುತ್ತಾದರೆ ಬೇರೆಯಾದ ಮೇಲಿನ ಕಣ್ಣುಗಳ ಮೇಲೆ ಕನಿಷ್ಠ ಎರಡು ಸೆಕೆಂಡು ನಿಲ್ಲಿ, ಹೆಚ್ಚಿನವರು ಇಲ್ಲೇ ಅವಸರ ಮಾಡಿ ಕತ್ತರಿಸುತ್ತಾರೆ. ಆಮೇಲೆ ಮುತ್ತಿನ ಒಂದು ಎಳೆಯನ್ನು ಮುಂದಿನ ದೃಶ್ಯಕ್ಕೆ ಒಯ್ಯಿರಿ. ‘ನೊಟೋರಿಯಸ್’ನಲ್ಲಿ ಗ್ರಾಂಟ್ ಬಾಟಲಿ ಕೊಂಡುಕೊಂಡೇ ಮೇಲಧಿಕಾರಿಗಳ ಕೋಣೆಗೆ ಹೋಗುತ್ತಾನೆ. ಅವಳನ್ನು ಬೇರೊಬ್ಬನ ಬಳಿಗೆ ಬೇಹುಗಾರಿಕೆಗೆ ಕಳಿಸಬೇಕು ಅನ್ನುವ ಅಪ್ಪಣೆ ಅಲ್ಲಿ ಸಿಗುತ್ತದೆ. ಅವನು ಎದ್ದು ಹೋಗುತ್ತಾನೆ. ಬಾಟಲಿ ಅಲ್ಲೇ ಉಳಿದಿರುತ್ತದೆ. ಆ ಕಡೆ ಬಾಲ್ಕನಿಯಲ್ಲಿ ಅವಳು ಬೇಯಿಸಿಟ್ಟ ಕೋಳಿ ಆರುತ್ತಿದೆ. ಅವನು ಬಂದು ಸುತ್ತ ಹುಡುಕಿದಂತೆ ಮಾಡಿ, ಎಲ್ಲೋ ಬಿಟ್ಟು ಬಂದೆ ಅನ್ನುತ್ತಾನೆ.